ಅರ್ಧ ಮೂರು

ಫೋನಿನಲ್ಲಿ ಫ್ರಾವ್ ಕ್ರೆನ್ ಅಂದದ್ದು ಹಾಲ್ಪ್ ದ್ರೈ.
ಅರ್ಧ, ಮೂರು.
ಕೂಡಿಸಿದೆ, ಒಂದನೇ ಕ್ಲಾಸಿನಿಂದ ಕೂಡಿಸುತ್ತ ಬಂದ ಹಾಗೆ.
ಮೂರೂವರೆಗೆ, ಬೇಕೆಂದೇ ಐದು ನಿಮಿಷ ಮುಂಚೆ,
ಇಸ್ತ್ರಿ ಮುರಿಯದ ಕುರ್ತಾ, ಪ್ಲಾಸ್ಟಿಕ್ ಫೈಲಿನಲ್ಲಿ
ಹುಟ್ಟಿದಾಗಿನಿಂದ ಇಲ್ಲೀವರೆಗಿನ ಜೆರಾಕ್ಸು,
ಹೋಗಿ ನಿಂತರೆ ಕಿಟಕಿಗೆ ಪರದೆ ಎಳೆದಿದ್ದಾರೆ.

ಇಲ್ಲಿ ಅರ್ಧ ಮೂರೆಂದರೆ ಎರಡೂವರೆ.
ಎರಡು ಮುಗಿದದ್ದು ಯಾರಿಗೂ ಲೆಕ್ಕಕ್ಕಿಲ್ಲ,
ಮೂರು ಹೊರಟಿದೆ, ಅರ್ಧ ದಾರಿಗೆ ಬಂದಿದೆ, ಅಷ್ಟೆ.

ಗುಡ್ಡದ ಮೇಲಿನ ಗಡಿಯಾರವನ್ನಾದರೂ ಕೇಳೋಣವೆಂದು ಕತ್ತೆತ್ತಿದೆ.
ಏಳು ಗಂಟೆ ಹದಿನೆಂಟು ನಿಮಿಷ, ಅಂದಿತು,
ಕಣ್ಣು ಚುಚ್ಚುವ ಅಕ್ಟೋಬರ್ ಬಿಸಿಲಿನಲ್ಲಿ.
ಗ್ರಾಟ್ಸ್ ಊರಿಗೆಲ್ಲ ಗೊತ್ತಿರುವ ಸಂಗತಿ ನನಗೆ ತಿಳಿದದ್ದು ವಾರದ ಮೇಲೆ:
ಅಲ್ಲಿ ಉದ್ದನೆಯ ಮುಳ್ಳು ಗಂಟೆಯದು, ಗಿಡ್ಡದ್ದು ನಿಮಿಷದ್ದು.

ಮರುದಿನ ಸಿಕ್ಕಳು ಕ್ರೆನ್. ಬೈಯಲಿಲ್ಲ.
ಬೈದಿದ್ದರೆ ಮುಗಿದುಹೋಗುತ್ತಿತ್ತು.
ಕುಲನಾಮ?
ಇಲ್ಲ.
ಎಲ್ಲರಿಗೂ ಇರುತ್ತದೆ.
ನಮ್ಮ ಮನೆಯಲ್ಲಿ ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ,
ಎರಡು ಚುಕ್ಕೆ, ಆಮೇಲೆ ನಾನು;
ಪಾಸ್‌ಪೋರ್ಟಿಗೆ ಬರುವಷ್ಟರಲ್ಲಿ ಚುಕ್ಕೆಗಳೂ ಉದುರಿದ್ದವು.
ಕಂಪ್ಯೂಟರು ಖಾಲಿ ಮನೆಯನ್ನು ಒಪ್ಪಲಿಲ್ಲ.
ಅವಳು ಕನ್ನಡಕ ಹಣೆಗೇರಿಸಿ ತುಸು ಹೊತ್ತು ಯೋಚಿಸಿ
ಒಂದು ಅಡ್ಡಗೆರೆ ಒತ್ತಿದಳು.
ಅದು ಒಪ್ಪಿತು.
ಹೀಗೆ ನಾನು ಗೆರೆಯ ಮನೆತನದ ವೈಜಯಂತಿ,
ಅವರ ಬಾಯಲ್ಲಿ ಫಾಯಯಾಂಟಿ.

ಭಾಷೆಯ ಕ್ಲಾಸಿನಲ್ಲಿ
ಮೇಜು ಗಂಡು, ದೀಪ ಹೆಣ್ಣು, ಹುಡುಗಿ ನಪುಂಸಕ.
ಚಿಲಿ ದೇಶದ ಎವರಿಸ್ತೋ ಎದ್ದು ನಿಂತು ಜಗಳಕ್ಕೇ ಹೋದ.
ನಾನು ಸುಮ್ಮನೆ ಬರೆದುಕೊಂಡೆ.
ಕುಂದಾಪುರದ ನನ್ನ ಚಿಕ್ಕಮ್ಮ ಕೇಳುವುದೂ
ಹೆಣ್ಣ್ ಬಂತಾ? ಅದ್ ಉಂಡಿತಾ?
ಅಷ್ಟು ಮುದ್ದಾಗಿ ಇಲ್ಲಿ ಯಾರೂ ನನ್ನನ್ನು ಅದು ಅನ್ನಲಿಲ್ಲ.

ಭಾನುವಾರ ಊರಿಗೆ ಊರೇ ಬೀಗ.
ಗೊತ್ತಿರಲಿಲ್ಲ. ಡಬ್ಬಿಯಲ್ಲಿ ಇದ್ದದ್ದು ಉಪ್ಪು.
ಮೆಟ್ಟಿಲು ಒರೆಸುತ್ತಿದ್ದ ಮಿರ್ಸಾದ್, ಈ ಕಟ್ಟಡದ ಮೇಲ್ವಿಚಾರಕ,
ನನ್ನ ಕೈಚೀಲ ಖಾಲಿ ಹೋಗಿ ಖಾಲಿ ಬಂದದ್ದು ನೋಡಿ
ಅರ್ಧ ಬ್ರೆಡ್ಡು ತಂದ, ಜೊತೆಗೊಂದು ಲಿಂಬೆ ಸೋಡಾ ಬಾಟಲಿ.
ಒಳಗೆ ಕಪ್ಪು. ಮೋಟಾರ್ ಎಣ್ಣೆ ಅಂದುಕೊಂಡೆ.
ಬ್ರೆಡ್ಡಿನ ಮೇಲೆ ಹರಿದಾಗ ಹಸಿರು:
ಕುಂಬಳಬೀಜ, ಹುರಿದ ವಾಸನೆ.
ಬೆರಳು ನೆಕ್ಕಿದೆ. ಅವನು ಗೋಡೆ ನೋಡುತ್ತ ನಿಂತಿದ್ದ.

ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವನು ಕಾಗದ ಹಾಕುವುದಿಲ್ಲ,
ನೀನು ಇಲ್ಲಿ ಇಲ್ಲ ಎಂದೇ ಅರ್ಥ, ಅಂದ ಮಿರ್ಸಾದ್.
ಅವನ ಪೆಟ್ಟಿಗೆಯ ಮೇಲೆ ಅವನ ಹೆಸರು ತಪ್ಪಾಗಿದೆ.
ಕೊನೆಯಕ್ಷರದ ನೆತ್ತಿಯ ಗೀಟು ತೊಂಬತ್ಮೂರರಲ್ಲಿ ಬಿಟ್ಟುಹೋದದ್ದು,
ಬಿಹಾಚ್‌ನಿಂದ ಬಸ್ಸಿನಲ್ಲಿ ಬಂದಿಳಿದ ವರ್ಷ.
ತಿದ್ದಿಸಲಿಲ್ಲವಾ?
ಕಾಗದ ಬರುತ್ತಲ್ಲ, ಅಂದ.
ನನ್ನದನ್ನು ಮಾತ್ರ ಅಕ್ಷರ ಅಕ್ಷರ ಕೇಳಿ,
ನಾಲಿಗೆ ಹೊರಚಾಚಿ, ಪುಟ್ಟ ಯಂತ್ರದಲ್ಲಿ ಒತ್ತಿ ಅಂಟಿಸಿದ.
ಗೆರೆ ಹಾಕಲಿಲ್ಲ.

ಗುರುವಾರ ಬಂತು ಮೊದಲ ಕಾಗದ.
ಲಕೋಟೆ ಒಡೆಯದೆ ಮೂರು ಮಹಡಿ ಹತ್ತಿದೆ.
ಶ್ರೀಮಾನ್ ಗೆರೆ ವೈಜಯಂತಿಯವರೇ,
ನಿಮ್ಮ ಟೀವಿಯ ಶುಲ್ಕ ಪಾವತಿಸತಕ್ಕದ್ದು.

ಉತ್ತರ ಬರೆಯಲು ಕೂತಿದ್ದೇನೆ.
ನಾನು ಗಂಡಸಲ್ಲ. ನನ್ನಲ್ಲಿ ಟೀವಿ ಇಲ್ಲ.
ಅಲ್ಲಕ್ಕೂ ಇಲ್ಲಕ್ಕೂ ನಿಘಂಟು ಕೊಡುವುದು ಒಂದೇ ಮಾತು, ಕೈನ್.
ಎರಡು ಸಲ ಅದನ್ನೇ ಬರೆದು ಕೆಳಗೆ ಒಯ್ದೆ.
ಮಿರ್ಸಾದ್ ಪೊರಕೆ ಗೋಡೆಗೊರಗಿಸಿ ಓದಿದ,
ಎರಡನೆಯದಕ್ಕೆ ಪೆನ್ಸಿಲಿನಲ್ಲಿ ಬಾಲ ಸೇರಿಸಿದ:
ಟೀವಿ ಗಂಡು, ಮಗಳೇ.