ಅರ್ಧ ಸುತ್ತು

ಹೊಸ ಹ್ಯಾಂಡಲ್ಲು ಗೋಣಿಚೀಲ ಸುತ್ಕೊಂಡು
ಮೂರು ದಿನದಿಂದ ಗೋಡಿಗೆ ಒರಗಿ ನಿಂತದ,
ಕೊಂಬಷ್ಟೇ ಬಂದು ಎತ್ತು ಇನ್ನೂ ಬರ್ಲಾರದಂಗ.
ಕಲಬುರಗಿಯಿಂದ ತಂದಿದ್ದು. ಆರನೂರಾ ಐವತ್ತು.
ಕೂಡ್ಸಲಕ್ಕ ಮುನ್ನೂರು ಅಂದಾನ ಲಾಡ್ಲೇಸಾಬ.

ಹಳೀದು ಎಡಕ್ಕ ಎಳೀತದ.
ಹೋದ ಅಮಾಸಿ ನಸುಕಿನಾಗ
ಮಡ್ಡಿ ಓಣಿಗೆ ನೀರು ಬಿಡ್ಲಕ್ಕ ಹೊಂಟಾಗ
ರಸ್ತೆ ಮ್ಯಾಲ ಯಾರೋ ಬಿಟ್ಟುಹೋದ ಫರ್ಸಿ ಚಪ್ಪಡಿ
(ಶಹಾಬಾದಿನಾಗ ಕಲ್ಲಿರಲಾರದ ಜಾಗ ಎಲ್ಲದ?)
ಬಿದ್ದೆ. ಮೊಣಕಾಲು ಮಾಯ್ತು, ಹ್ಯಾಂಡಲ್ಲು ಮಾಯಲಿಲ್ಲ.
ಅವತ್ತಿಂದ ಗಾಡಿ ನೆಟ್ಟಗ ಹೋಗಬೇಕಂದ್ರ
ನಾ ಸೊಟ್ಟ ಹಿಡೀಬೇಕು.

ನಗರಸಭೆ ನೀರಿನವ ನಾ.
ಹತ್ತೊಂಬತ್ತು ವರ್ಷ ವಾಲ್ವು ತಿರುವಿದ ಕೈ ಇವು.
ಯಾವುದಕ್ಕ ಎಷ್ಟು ಸುತ್ತು, ಯಾವುದು ಅಳ್ತದ,
ಯಾವುದು ಹಟ ಹಿಡೀತದ, ಕತ್ತಲದಾಗೂ ಗೊತ್ತದ.
ಹಂತಾದ್ರಾಗ ನಾಕು ಬೋಲ್ಟಿಗೆ ಮುನ್ನೂರು ಕೊಡ್ಲಾ?
ಸುಗಲಾ ರೊಟ್ಟಿ ಬಡಿಯೋದು ನಿಲ್ಲಿಸಿ ಅಂದಳು:
"ವಾಲ್ವು ಸಡ್ಲಾದ್ರ ಓಣಿ ತೊಯ್ತದ.
ಇದು ಸಡ್ಲಾದ್ರ?"

ಐತ್ವಾರ. ಅಂಗಳದಾಗ ಹಳೆ ಲುಂಗಿ ಹಾಸಿ ಕುಂತೆ.
ಕನ್ನಡಿ ಬಿಚ್ಚಿದೆ. ಬ್ರೇಕು, ಕ್ಲಚ್ಚು ಬಿಚ್ಚಿದೆ.
ಹಿಡಿಕಿ ರಬ್ಬರು ಬರ್ಲಿಲ್ಲ,
ಸಾಬೂನು ಹಚ್ಚಿ ಬಳಿ ಕಳದಂಗ ಕಳದೆ.
ಸ್ವಿಚ್ಚಿನ ಡಬ್ಬಿ ಬಾಯಿ ತೆರೀತು.
ಕೆಂಪು, ಹಸರು, ಹಳದಿ, ಕಂದು ವೈರು,
ಮದುವಿ ಮನ್ಯಾಗ ಗುರುತಿಲ್ಲದ ಬೀಗರು ಕುಂತಂಗ.
ಫೋಟೋ ಹೊಡ್ಕೊಂಡೆ. ಒಂದಲ್ಲ, ಹದಿನಾಕು.

ಹೊಸಾದ್ರಾಗ ತೂತಿಲ್ಲ!
ಹಳೀದ್ರಾಗ ಇತ್ತು, ಜ್ವಾಳದ ಕಾಳಷ್ಟು,
ಸ್ವಿಚ್ಚಿನ ಮೂಗು ಕೂಡ್ಲಕ್ಕ.
ಹನ್ನೊಂದು ವರ್ಷ ಅದರ ಮ್ಯಾಲೇ ಕೈಯಿಟ್ಟು ತಿರುಗೀನಿ,
ಒಳಗೊಂದು ತೂತದ ಅಂತ ಇವತ್ತು ಗೊತ್ತಾತು.
ಬಡಗಿ ಮೌನಪ್ಪನ ಡ್ರಿಲ್ಲು ತಂದೆ. ಅಳದೆ. ಮತ್ತ ಅಳದೆ.
ಸುಟ್ಟ ಕಬ್ಬಿಣದ ವಾಸನಿ, ಬೆರಳಿಗೆ ಬಿಸಿ ಚೂರು.
ಕೂತಿತು.
ಎಳ್ಳಷ್ಟು ಬಲಕ್ಕ ಕೂತಿತು.

ಉಳದದ್ದು ನಾಕು ಬೋಲ್ಟು.
ಬಿಗಿ ಮಾಡ್ತಾ ಮಾಡ್ತಾ ಒಂದು ಜಾಗಕ್ಕ ಕೈ ನಿಂತಿತು.
ಇನ್ನರ್ಧ ಸುತ್ತು ಬೇಕೇನೊ, ಸಾಕೇನೊ.
ಕಮ್ಮಿಯಾದ್ರ ತಿರುಗ್ತದ, ಹೆಚ್ಚಾದ್ರ ಚೂಡಿ ಹೋಗ್ತದ.
ವಾಲ್ವಿನಾಗಾದ್ರ ನೀರೇ ಹೇಳ್ತದ,
ಸದ್ದು ಸಣ್ಣಾಗ್ತದ, ಸಣ್ಣಾಗಿ ನಿಲ್ತದ.
ಇಲ್ಲಿ ಹೇಳವರು ಯಾರೂ ಇಲ್ಲ.

ಹತ್ತಲಿಲ್ಲ. ನೂಕ್ಕೊಂಡು ಹೋದೆ ಸ್ಟೇಷನ್ ದಾರಿತನಕ.
ಲಾಡ್ಲೇಸಾಬ ಚಾದ ಬಸಿ ಕೆಳಗಿಟ್ಟು
ಮೊದಲು ಕಣ್ಣಿಲೆ ನೋಡಿದ, ಆಮ್ಯಾಲ
ಉಗುರು ಹಾಕಿ ಹಿಂದಿನ ಸಂದು, ಮುಂದಿನ ಸಂದು ನೋಡಿದ.
"ವಾಲ್ವು ತಿರುವಿದಂಗ ತಿರುವೀರಿ, ಒಂದೇ ಉಸುರಿಗೆ."
ನಾಕೂ ಸಡ್ಲ ಬಿಟ್ಟ.
ಇದಕ್ಕಿಷ್ಟು, ಎದುರಿನದಕ್ಕಿಷ್ಟು, ಮತ್ತ ಇದಕ್ಕಿಷ್ಟು,
ಕಡೀಕೊಂದು ಅರ್ಧ ಸುತ್ತು.
ಪಾನಾ ಇಟ್ಟ.

"ಎಷ್ಟು?" ಅಂದೆ.
"ನಿಮ್ಮ ಹತ್ರ ಏನ್ ರೊಕ್ಕ ತಗೋಳ್ಳಿ?
ನಮ್ಮ ಗಲ್ಲಿಗಿ ಒಂದರ್ಧ ಸುತ್ತು ಜಾಸ್ತಿ ಬಿಡ್ರಿ, ಸಾಕು."
ನಗಲಿಲ್ಲ ಅವ.
ಮುನ್ನೂರು ತಗದು ಬಸಿ ಬಾಜೂಕಿಟ್ಟೆ.
ಅವ ಮುಟ್ಟಲಿಲ್ಲ, ನಾ ತಿರುಗಿ ತಗೋಲಿಲ್ಲ.

ಮರುದಿನ ನಸುಕಿಗೆ ಗಾಡಿ ನೆಟ್ಟಗ ಓಡಿತು.
ಕೈಗೇ ನಂಬಿಕಿ ಬರ್ಲಿಲ್ಲ. ಸೊಟ್ಟ ಹಿಡದು ರೂಢಿ,
ಎರಡು ಸಲ ಗಟಾರದ ತನಕ ಹೋಗಿ ಬಂದೆ.
ಲಾಡ್ಲೇಸಾಬನ ಗಲ್ಲಿ ವಾಲ್ವು ಹದಿನೇಳೂವರೆ.
ಹದಿನೇಳು ಎಣಿಸಿದೆ. ಅರ್ಧಾನೂ ಆತು.
ಗಲ್ಲಿಯೊಳಗ ಕೊಡದ ಸದ್ದು ಕೇಳ್ಲಕತ್ತದ.
ಕೈ ಇನ್ನೂ ಚಕ್ರದ ಮ್ಯಾಲೇ ಅದ.