ಖಾಲಿ ಬಿಟ್ಟ ಅರ್ಧ

ಲಿಸ್ಬನ್ನಿನಿಂದ ಬಂದ ಲೆಕ್ಕಪರಿಶೋಧಕ ತೆಲ್ಮು
ನಕ್ಷೆಯ ಮೇಲೆ ಪೆನ್ಸಿಲ್ ಊರಿ ಕೇಳಿದ:
ಪಿಕು ದ್ವೀಪಕ್ಕೆ ಹೋಗುವ ಈ ಕೇಬಲ್ಲು ಅರ್ಧ ಖಾಲಿ,
ಟೆರ್ಸೈರಾ ಕಡೆಯದೂ ಹಾಗೇ.
ದುಡ್ಡು ಸುರಿದು ಕಡಲಡಿ ಹಾಸಿದ್ದೀರಿ,
ಯಾರಿಗಾಗಿ ಈ ಖಾಲಿ?

ಓರ್ತಾ ಬಂದರಿನ ಈ ಕೋಣೆಯಲ್ಲಿ ನನಗೆ ಹತ್ತೊಂಬತ್ತು ವರ್ಷ.
ಉತ್ತರ ಗೊತ್ತಿತ್ತು. ನಾಲಿಗೆಗೆ ಬರಲಿಲ್ಲ.
ಕಾಫಿ ಕೊಟ್ಟೆ.

ನನ್ನಜ್ಜ ವೆನ್ಸೆಸ್ಲೌ ತಿಮಿಂಗಿಲ ಕಾಯುವವ.
ಬಂಡೆ ಮೇಲಿನ ಗೂಡಲ್ಲಿ, ಸೀಳಿನಂಥ ಕಿಟಕಿಗೆ ಕಣ್ಣಿಟ್ಟು
ತಿಂಗಳುಗಟ್ಟಲೆ ಬರೀ ನೀರು ನೋಡಿದವ.
ಕೆಳಗೆ ದಡದಲ್ಲಿ ಹುಟ್ಟುಗಳ ಸಮೇತ ಇನ್ನೊಂದು ದೋಣಿ,
ಮೀನಿಗೆಂದೂ ಅದನ್ನು ಮುಟ್ಟುವಂತಿರಲಿಲ್ಲ.
ಮೀನಿನ ಬೆಲೆ ಏರಿದ ವರ್ಷ ಒಂದು ದಿನ ಒಯ್ದರು.
ಅಂದೇ ಮೊದಲ ದೋಣಿ ಬಾಲದ ಹೊಡೆತಕ್ಕೆ ಸಿಕ್ಕಿತು.
ಅಜ್ಜ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದ.

ಇದನ್ನೂ ಹೇಳಲಿಲ್ಲ.
ತೆಲ್ಮುವಿನ ಪಟ್ಟಿಯಲ್ಲಿ ದೋಣಿಗೆ ಕಾಲಂ ಇರಲಿಲ್ಲ.

ಫೆಬ್ರವರಿಯ ಒಂದು ಮಂಗಳವಾರ, ಮೂರೂ ಹನ್ನೆರಡರ ನಸುಕಿಗೆ
ಸಾವ್ ಜಾರ್ಜ್ ಕಾಲುವೆಯಲ್ಲಿ ಯಾವುದೋ ಹಡಗಿನ ಲಂಗರು
ತಳ ಕೆರೆಯುತ್ತ ಹೋಯಿತು.
ಪರದೆಯಲ್ಲಿ ಒಂದು ಗೆರೆ ಕೆಂಪಾಯಿತು.
ಐವತ್ತು ಮಿಲಿಸೆಕೆಂಡು:
ಒಂದು ಲಘು ಉಚ್ಚರಿಸಲೂ ಸಾಲದ ಹೊತ್ತು.
ಅಷ್ಟರೊಳಗೆ ಖಾಲಿ ಬಗ್ಗಿ ಹೆಗಲು ಕೊಟ್ಟಿತು.
ವೇಲಾಸಿನಿಂದ ಹೊರಟ ಮಗುವಿನ ಎದೆಗೂಡಿನ ಚಿತ್ರ
ಟೆರ್ಸೈರಾ ಸುತ್ತಿಬಳಸಿ ಓರ್ತಾದ ವೈದ್ಯೆಗೆ ತಲುಪಿತು;
ಚೀಸ್ ಕಾರ್ಖಾನೆಯ ಬಿಲ್ಲು, ನಿದ್ದೆಗೆಟ್ಟವನ ಫುಟ್‌ಬಾಲು,
ಯಾರದೋ ಜಗಳ.
ಬೇಡ ಎಂದವಳ 'ಬೇ'ಗೂ 'ಡ'ಕ್ಕೂ ನಡುವೆ
ಕಡಲು ನುಗ್ಗಲಿಲ್ಲ.

ಯಾರೂ ಫೋನು ಮಾಡಲಿಲ್ಲ.
ದ್ವೀಪಗಳು ಮಗ್ಗುಲು ಬದಲಿಸದೆ ಮಲಗಿದ್ದವು.
ನನಗೊಬ್ಬಳಿಗೇ ಬೆವರು.

ತುಂಬಿದ ಕೊಡ ತುಳುಕುವುದಿಲ್ಲ, ನಿಜ.
ಇನ್ನೊಂದು ಹನಿಗೂ ಅದರಲ್ಲಿ ಜಾಗವಿಲ್ಲ,
ಅದನ್ನು ಗಾದೆ ಹೇಳುವುದಿಲ್ಲ.

ರಿಪೇರಿ ಹಡಗು ಬಂದು ಮುಗಿಸಲು ಹನ್ನೊಂದು ದಿನ.
ಹನ್ನೊಂದು ದಿನ, ಉಳಿದ ಹಸಿರು ಗೆರೆಯನ್ನು
ಅಜ್ಜ ನೀರು ನೋಡಿದ ಹಾಗೆ ನೋಡಿದೆ.

ಹನ್ನೆರಡನೆಯ ಬೆಳಿಗ್ಗೆ
ಅರ್ಧ ಮತ್ತೆ ಖಾಲಿಯಾಯಿತು.
ಮೇಜಿನ ಮೇಲೆ ತೆಲ್ಮುವಿನ ವರದಿ ಬಂದು ಬಿದ್ದಿತ್ತು:
'ಬಳಕೆಯಾಗದ ಸಾಮರ್ಥ್ಯ, ಶೇಕಡಾ ಐವತ್ತು.'
ಅಂಕಿ ಸರಿಯಾಗಿಯೇ ಇತ್ತು.
ಸಹಿ ಹಾಕಿ
ಮನೆಗೆ ಹೋಗಿ ಮಲಗಿದೆ.