ಮೂರಾರ್ಲ ಹದಿನೆಂಟು

ಇಂಗ್ಲಿಷಿನವರು ಮೂರು ಆರ್ ಅನ್ನುತ್ತಾರೆ,
ಓದು, ಬರಹ, ಲೆಕ್ಕ, ಇಷ್ಟಕ್ಕೆ.
ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ಮಗ್ಗಿ:
ಮೂರಾರ್ಲ ಹದಿನೆಂಟು.
ಜೊತೆಗೆ ಮೇಷ್ಟ್ರು ಹಿಂಡಿದ ಎಡಗಿವಿ.

ಮೊದಲು ಹಾಗಂದವರು ಆರು?
ಯಾರೋ ಲಂಡನ್ನಿನ ದೊಡ್ಡ ಹೊಟ್ಟೆಯವನು
ಔತಣದಲ್ಲಿ ಲೋಟ ಎತ್ತಿ ಅಂದನಂತೆ.
ಅಂತೆ ಕಂತೆಗಳ ಸಂತೆ.
ಕಾಗುಣಿತ ಬಾರದೆ ಅಂದನೋ, ನಗಿಸಲೆಂದೇ ಅಂದನೋ,
ಮೇಜು ಒರೆಸಿದವನನ್ನು ಯಾರೂ ಕೇಳಲಿಲ್ಲ.

ಮೂರರಲ್ಲಿ ಎರಡು ಖೋಟಾ ಬೇರೆ.
ಬರಹದ ಬಾಗಿಲಲ್ಲಿ ಡಬ್ಲ್ಯು ನಿಂತಿರುತ್ತದೆ,
ಸಂಬಳವಿದ್ದೂ ತುಟಿಬಿಚ್ಚದ ಕಾವಲುಗಾರ.
ಲೆಕ್ಕದ ತಲೆ ಹಾರಿಸದೆ ಆರ್ ಸಿಗುವುದಿಲ್ಲ.
ಓದೊಂದೇ ಅಸಲಿ.

ಆ ಒಂದನ್ನೇ ಕೊಟ್ಟರು ಕೆಜೈಯಾಳಿಗೆ.

ಲ್ಯಾಂಕಶರಿನ ಕಣಿವೆ, ನೂಲಿನ ಗಿರಣಿ.
ಕೆಜೈಯಾ ಆರ್ಮರಾಡ್, ಎಂಟು ವರ್ಷ,
ಹರಿದ ಎಳೆಗಳನ್ನು ಬೆರಳಲ್ಲಿ ಹೊಸೆದು ಕೂಡಿಸುತ್ತಾಳೆ
ವಾರಕ್ಕೆ ಆರು ದಿನ.
ಏಳನೆಯ ದಿನ ಪ್ರಾರ್ಥನಾಮಂದಿರದ ಬೆಂಚು,
ಹುಬ್ಬಿನಲ್ಲಿ ಇನ್ನೂ ಹತ್ತಿಯ ನವಿರು.
ಓದಬಹುದು, ಓದು ದೇವರ ಮಾತು.
ಬರೆಯುವುದು ಕೆಲಸ, ಭಾನುವಾರ ಕೆಲಸ ಪಾಪ,
ಹೀಗೆಂದು ಮಿಸ್ಟರ್ ಗ್ರಿಂಶಾ ಸ್ಲೇಟುಗಳನ್ನೆಲ್ಲ
ಬೀರುವಿನೊಳಗಿಟ್ಟು ಬೀಗ ಹಾಕಿದ.
ಸೋಮವಾರ ಬರೆಯಬಹುದಿತ್ತು.
ಸೋಮವಾರ ಐದಕ್ಕೆ ಗಿರಣಿಯ ಗಂಟೆ.

ಲೆಕ್ಕವನ್ನು ಗಿರಣಿಯೇ ಕಲಿಸಿತು:
ಐದು ನಿಮಿಷ ತಡವಾದರೆ ಒಂದು ಪೆನ್ನಿ ಖೋತಾ,
ಕಿಟಕಿ ತೆರೆದರೆ ಎರಡು,
ಸಿಳ್ಳೆ ಹಾಕಿದರೆ, ಅಯ್ಯೋ, ಮೂರು.
ಕಳೆಯುವ ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಅವಳು ಓದಿದಳು. ಕಂಡದ್ದನ್ನೆಲ್ಲ ಓದಿದಳು.
ಗೋರಿಕಲ್ಲು, ಹಿಟ್ಟಿನ ಚೀಲ, ಗಾಡಿಯ ಹಲಗೆ,
ಗೋಡೆಗೆ ಹೊಡೆದ ದಂಡದ ಪಟ್ಟಿ.
ಅಕ್ಕಪಕ್ಕದವರ ಕಾಗದ ಓದಿ ಹೇಳಿದಳು,
ಉತ್ತರ ಬರೆದುಕೊಡು ಅಂದಾಗ
ಒಲೆ ಊದಲು ಎದ್ದಳು.

ಹದಿನೆಂಟಕ್ಕೆ ಮದುವೆ. ಗಂಡು ಕಲ್ಲುಗಣಿಯ ಎನಾಕ್.
ಅವನು ಗುಣಾಕಾರದ ಗುರುತಿನಂಥದೊಂದನ್ನು ಗೀಚಿ
ಬೆವರೊರೆಸಿಕೊಂಡ.
ಕಿರಿಯ ಪಾದ್ರಿಗೆ ಇನ್ನೂ ನಾಲ್ಕು ಮದುವೆ ಬಾಕಿ.
ಅವಳ ಹೆಸರನ್ನೂ ತಾನೇ ಬರೆದು
ಪುಸ್ತಕ ಇತ್ತ ತಿರುಗಿಸಿದ.

ಅವಳು ಓದಿದಳು. ಬೆರಳಿಟ್ಟಳು.
"ಇಲ್ಲೊಂದು ಆರ್ ಬಿಟ್ಟುಹೋಗಿದೆ, ಸ್ವಾಮಿ."
ಪಾದ್ರಿ ಕನ್ನಡಕದ ಮೇಲಿಂದ ನೋಡಿದ.
ಒಳ್ಳೆಯವನೇ ಆತ, ನಾಚಿಕೊಂಡ:
"ಓದು ಬರುತ್ತದೆಯೆ? ಹಾಗಾದರೆ ನೀನೇ ಸೇರಿಸಮ್ಮ."
ಗರಿ ಅದ್ದಿ ಅವಳ ಕೈಗೆ ಕೊಟ್ಟ.

ಆ ಅಕ್ಷರದ ಮುಖ ಅವಳಿಗೆ ಗೊತ್ತು,
ನೆರೆಮನೆಯ ಕೂಸಿನಷ್ಟು ಗೊತ್ತು.
ಆದರೆ ಎಲ್ಲಿಂದ ಹೊರಡುತ್ತದೆ ಅದು,
ಮೇಲಿಂದಲೋ, ಕಾಲಿನ ಕಡೆಯಿಂದಲೋ?
ಸಾವಿರ ಎಳೆ ಕೂಡಿಸಿದ ಬೆರಳು
ಕಾಗದಕ್ಕೆ ಒಂದು ಕಾಳಿನಷ್ಟು ಮೇಲೆ ನಿಂತೇ ಇತ್ತು.
ಟಪ್ಪೆಂದು ಒಂದು ಹನಿ,
ಸರಿಯಾಗಿ ಆರ್ ಇರಬೇಕಾದ ಜಾಗಕ್ಕೆ.

ಅವಳು ಕೆಳಗಡೆ ಗಂಡನಂತೆಯೇ
ಅಡ್ಡ ಒಂದು, ಅದರ ಮೇಲೆ ಅಡ್ಡ ಇನ್ನೊಂದು ಎಳೆದಳು.

ಹನಿ ದಪ್ಪಗಿತ್ತು. ಪುಸ್ತಕ ಮುಚ್ಚುವಂತಿಲ್ಲ.
ಮುಂದಿನ ಮದುವಣಗಿತ್ತಿ ಬಾಗಿಲಲ್ಲಿ ಕೆಮ್ಮಿದಳು.
ಎಲ್ಲರೂ ನಿಂತು ಕಾದರು,
ಅದು ಆರುವ ತನಕ.